ಗಿಡದ ನೋಟ್‌ಬುಕ್, ಏಳನೇ ಕಂತು: ನೆಲ್ಲಿ ಮರದಲ್ಲಿ ಎರಡು ಥರ ಎಲೆ

ಹೋದ ಕಂತಿನ ಹೊತ್ತಿಗೆ ನೋಟ್‌ಬುಕ್‌ನಲ್ಲಿ 62 ಗಿಡ ಇದ್ದವು. ಈಗ 71. ಒಂಬತ್ತೂ ಸೇರಿದ್ದು ಜನವರಿಯ ಒಂದೇ ಶನಿವಾರ, ಭಾನುವಾರದಲ್ಲಿ. ಜಾಗ ಬಿಳಿಗಿರಿರಂಗನ ಬೆಟ್ಟದ ಒಂದು ಸೋಲಿಗರ ಪೋಡು, ಅಂದರೆ ಅವರ ಹಾಡಿ. ನಾವು ಹದಿನಾಲ್ಕು ಜನ, ದಾರಿ ತೋರಿಸಲು ಪೋಡಿನ ನಾಲ್ವರು. ಹುಲಿ ಸಂರಕ್ಷಿತ ಪ್ರದೇಶ, ಕಾಡೊಳಗೆ ಸುಮ್ನೆ ನುಗ್ಗುವ ಹಾಗಿಲ್ಲ. ಹಾಗಾಗಿ ಪೋಡಿನ ಸುತ್ತಮುತ್ತ, ಕಾಫಿ ಗಿಡಗಳ ನಡುವೆ ಓಡಾಟ. ಮೊದಲ ಇನ್ನೂರು ಹೆಜ್ಜೆಗೇ ಎರಡು ಗಂಟೆ ಹಿಡಿಯಿತು.

ಶನಿವಾರ ಬೆಳಿಗ್ಗೆಯೇ ಮುಖಭಂಗ. ಕಾಯಿ ತುಂಬಿದ ನೆಲ್ಲಿ ಮರದ ಒಂದು ಕೊಂಬೆ ನೋಡಿ, 'ಎಲೆ ಎರಡು ಥರ: ಒಂದು ಗರಿಯಂಥದ್ದು, ಇನ್ನೊಂದು ದಪ್ಪ' ಅಂತ ಬರೆದುಕೊಂಡೆ. ಪಕ್ಕದಲ್ಲಿದ್ದ ಅಜ್ಜಿ ನಕ್ಕುಬಿಟ್ಟರು. "ಅದು ನೆಲ್ಲಿ ಎಲೆ ಅಲ್ಲ ಕಣಪ್ಪ, ಉಪ್ಪಿಲು."

ಹತ್ತಿರ ಹೋಗಿ ನೋಡಿದೆ. ನೆಲ್ಲಿ ಕೊಂಬೆ ಒಂದು ಕಡೆ ಗಂಟುಗಂಟಾಗಿ ಊದಿಕೊಂಡಿತ್ತು. ಆ ಗಂಟಿನಿಂದಲೇ ಬೇರೆ ಗಿಡ ಹೊರಟಿತ್ತು. ಎಳೆ ಎಲೆ ಮೇಲೆ ಕಂದು ಧೂಳು ಉದುರಿಸಿದ ಹಾಗೆ ನವಿರು ರೋಮ. ಗಂಟಿನಿಂದ ಆಚೆಗೆ ನೆಲ್ಲಿ ಕೊಂಬೆ ಒಣಗಿ ಕಡ್ಡಿ. ನಮ್ಮ ಕಡೆ ಬದನಿಕೆ ಅನ್ನುತ್ತೇವಲ್ಲ, ಅದರದೇ ಜಾತಿ. ಎಲೆ ಹಸಿರಾಗಿರುವುದರಿಂದ ಅಡುಗೆ ತನ್ನದೇ, ನೀರು ಮಾತ್ರ ನೆಲ್ಲಿಯ ಮನೆಯಿಂದ! ಹಣ್ಣು ತಿಂದ ಪುಟ್ಟ ಹಕ್ಕಿ ಅಂಟು ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುತ್ತದೆ, ಅಲ್ಲಿ ಹೊಸ ಸಂಸಾರ ಶುರು.

ಈಗ ಉಪ್ಪಿಲು ಮೊದಲಿಗಿಂತ ಹೆಚ್ಚಂತೆ. ಯಾಕೆ? ಹಿರಿಯರೊಬ್ಬರು ಹೇಳಿದ್ದು ಒಂದೇ ಮಾತು: "ತರಗು ಬೆಂಕಿ ನಿಂತೋಯ್ತಲ್ಲ." ಮೊದಲೆಲ್ಲ ಚಳಿ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ಪಸೆ ಇರುವಾಗಲೇ ಉದುರಿದ ತರಗಿಗೆ ಬೆಂಕಿ ಕೊಡುತ್ತಿದ್ದರು. ಮೊಣಕಾಲೆತ್ತರಕ್ಕೂ ಏಳದ ಬೆಂಕಿ. ಮರಕ್ಕೆ ಏನೂ ಆಗುತ್ತಿರಲಿಲ್ಲ, ಲಂಟಾನ ಅನ್ನುವ ಕಳೆಯ ಸಸಿ ಸುಟ್ಟುಹೋಗುತ್ತಿತ್ತು, ಉಪ್ಪಿಲೂ ಹದ್ದುಬಸ್ತಿನಲ್ಲಿ ಇರುತ್ತಿತ್ತು ಅಂತಾರೆ. 1974ರಲ್ಲಿ ಅಭಯಾರಣ್ಯ ಆದಮೇಲೆ ಅದಕ್ಕೆಲ್ಲ ತಡೆ ಬಿತ್ತು. 1997ರಿಂದ 2008ರ ನಡುವೆ ಇಲ್ಲಿ ಲಂಟಾನ ಸಿಗುವ ಜಾಗಗಳು ಹೆಚ್ಚುಕಮ್ಮಿ ಎರಡು ಪಟ್ಟಾದವು ಅನ್ನುವುದು ಅಧ್ಯಯನದ ಲೆಕ್ಕ. ಬೆಂಕಿ ನಿಂತದ್ದೊಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಪೋಡಿನವರು ಮೊದಲಿಂದ ಹೇಳುತ್ತಾ ಬಂದದ್ದನ್ನು ಇಷ್ಟು ತಡವಾಗಿ ಕೇಳಿಸಿಕೊಂಡೆವಲ್ಲ ಅನ್ನಿಸಿತು.

"ಹಾಗಾದ್ರೆ ಈಗ ಮತ್ತೆ ಹಚ್ಚಬಹುದಲ್ವಾ?" ಅಂತ ನಮ್ಮಲ್ಲೊಬ್ಬರು ಕೇಳಿದರು. ಹಿರಿಯರು ಪಕ್ಕದ ಲಂಟಾನದ ಮೆಳೆ ತೋರಿಸಿದರು. ಆಳುದ್ದ ಬೆಳೆದು ಮರದ ಕೊಂಬೆ ಹಿಡಿದಿತ್ತು. "ಇದ್ರ ಮೇಲೆ ಹತ್ಕೊಂಡು ಬೆಂಕಿ ಮರದ ತಲೆಗೇ ಹೋಯ್ತದೆ. ಮೊದ್ಲು ಇದು ಹೋಗ್ಬೇಕು."

ಮಧ್ಯಾಹ್ನ ಮುದ್ದೆ, ಅವರೆಕಾಳು ಸಾರು, ಮಾಗಳಿ ಬೇರಿನ ಉಪ್ಪಿನಕಾಯಿ. ತಿಗಣೆ ವಾಸನೆ ಅಂತ ಮೂಗು ಮುಚ್ಚಿಕೊಂಡ ಇಬ್ಬರ ಪಾಲು ನನಗೆ ಬಂತು. ಅಗೆಯುವಾಗ ಬೇರನ್ನು ಪೂರ್ತಿ ಕೀಳುವುದಿಲ್ಲ, ಮತ್ತೆ ಚಿಗುರಲು ಒಂದಷ್ಟು ನೆಲದಲ್ಲೇ ಬಿಡಬೇಕು ಅಂತ ಅಜ್ಜಿ ಹೇಳಿಕೊಟ್ಟರು.

ಭಾನುವಾರ ಅಜ್ಜಿಗೆ ನೋಟ್‌ಬುಕ್ ಓದಿ ಹೇಳಿದೆ. ಹೆಸರು, ಎಲೆ, ಹೂ, ಕಾಯಿ, ನಾಲ್ಕು ಕಾಲಂ. ಕೇಳಿ ಮುಗಿಸಿ, "ಯಾವ ಕಾಲ್ದಲ್ಲಿ ಕೀಳೋದು? ಎಷ್ಟು ಬಿಡೋದು? ಇನ್ಯಾರು ತಿಂತಾರೆ? ಇದ್ಯಾವ್ದೂ ಬರ್ದಿಲ್ವಲ್ಲಪ್ಪ" ಅಂದರು. ರಾತ್ರಿ ಬಸ್ಸಿನಲ್ಲೇ ಸ್ಕೇಲ್ ಇಲ್ಲದೆ ಇನ್ನೂ ಮೂರು ಗೆರೆ ಎಳೆದೆ. ಸೊಟ್ಟಗಿವೆ.

ನಷ್ಟದ ಲೆಕ್ಕವೂ ಇದೆ. ಪೇಪರ್ ನಡುವೆ ಒತ್ತಿಟ್ಟಿದ್ದ ಎಲೆಗಳಲ್ಲಿ ನಾಲ್ಕಕ್ಕೆ ಬೂಷ್ಟು. ದಿನಾ ಪೇಪರ್ ಬದಲಿಸಬೇಕಿತ್ತು, ನನ್ನದೇ ಸೋಮಾರಿತನ. ಹೊಸ ಮೂರು ಕಾಲಂ ಹಳೆಯ 62 ಗಿಡಗಳ ಮುಂದೆ ಖಾಲಿ ಬಿದ್ದಿವೆ. ನಿನ್ನೆ ಕೂತು ನೆನಪು ಮಾಡಿಕೊಂಡೆ, ಐದು ತುಂಬಿದವು. ಅದರಲ್ಲಿ ಎರಡು ಅಮ್ಮನಿಗೆ ಫೋನ್ ಮಾಡಿ ಕೇಳಿದ್ದು.