ಕ್ಯಾಮೆರಾ ಕೆಟ್ಟಿತ್ತು

ಎರಡು ವರ್ಷದ ಹಿಂದಿನ ಮಾತು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಕಾರ್ ರಿವರ್ಸ್ ತಗೊಳ್ಳೋವಾಗ ಪಕ್ಕದ ಸ್ಕೂಟರ್‌ಗೆ ತಾಗಿಸ್ಬಿಟ್ಟೆ, ಇಂಡಿಕೇಟರ್ ಒಡೀತು, ಸುತ್ತ ನೋಡ್ದೆ, ಯಾರೂ ಇರ್ಲಿಲ್ಲ, ಹೊರಟೋದೆ. ಸಂಜೆ ವಾಟ್ಸಾಪ್ ಗ್ರೂಪಲ್ಲಿ ಗಲಾಟೆ, ವಾಚ್‌ಮನ್ನೇ ಗಾಡಿ ಸರಿಸಕ್ಕೆ ಹೋಗಿ ಬೀಳಿಸಿರ್ತಾನೆ ಅಂತ. ಎಲ್ಲಾ ಓದ್ಕೊಂಡು ಸುಮ್ನಿದ್ದೆ. ಯಾರೋ "ಸಿಸಿಟಿವಿ ನೋಡೋಣ" ಅಂದ್ರು ನೋಡಿ, ಮೈಯೆಲ್ಲಾ ಬೆವರು, ರಾತ್ರಿ ನಿದ್ದೆ ಇಲ್ಲ. ಬೆಳಗ್ಗೆ ಗೊತ್ತಾಯ್ತು ಆ ಕ್ಯಾಮೆರಾ ಕೆಟ್ಟು ಮೂರು ತಿಂಗಳಾಗಿದೆ ಅಂತ. ಎಷ್ಟು ಹಗುರ ಆಯ್ತು ಅಂದ್ರೆ ಎರಡು ಇಡ್ಲಿ ಜಾಸ್ತಿನೇ ತಿಂದೆ.

ಅಂದ್ರೆ ನಂಗಾಗಿದ್ದು ಬರೀ ನಾಚಿಕೆ. ಕ್ಯಾಮೆರಾ ಜೊತೆ ಅದೂ ಕೆಟ್ಟೋಯ್ತು. ಚುಚ್ಚೋಕೆ ಶುರುವಾಗಿದ್ದು ತಿಂಗಳ ಕೊನೇಲಿ, ವಾಚ್‌ಮನ್ ಸಂಬಳದಲ್ಲಿ 600 ರೂಪಾಯಿ ಹಿಡಿದ್ರು ಅಂತ ಗೊತ್ತಾದಾಗ. ಒಡಿಶಾದ ಗಂಜಾಂ ಜಿಲ್ಲೆಯವನು, ಮರುದಿನವೂ ಎಂದಿನ ಹಾಗೆ ಎದ್ದು ಗೇಟ್ ತೆಗೆದು ಸಲ್ಯೂಟ್ ಹೊಡೆದ.

ನಾಚಿಕೆಗೆ ನಮ್ಮಲ್ಲಿ ಎಷ್ಟೊಂದು ಮಾತಿದೆ ಅಲ್ವಾ, ನಾಚಿಕೆಗೇಡು, ಮಾನಗೇಡಿ, ಮೂರೂ ಬಿಟ್ಟವನು, ನಾಲ್ಕು ಜನ ಏನಂತಾರೆ. ಗಿಲ್ಟ್‌ಗೆ? ಪಾಪಪ್ರಜ್ಞೆ ಅಂತ ಪುಸ್ತಕದಲ್ಲಿ ಬರೀತಾರೆ, ಮನೇಲಿ ಯಾರೂ ಆ ಪದ ಆಡಲ್ಲ.

ಹೋದ ಡಿಸೆಂಬರಲ್ಲಿ ಕಲಬುರಗಿ ಕಡೆ ಹೋದಾಗ ಸನ್ನತಿ ನೋಡ್ಕೊಂಡ್ ಬಂದ್ವಿ. ಅಲ್ಲಿ ಕಾಳಿ ವಿಗ್ರಹಕ್ಕೆ ಪೀಠ ಆಗಿದ್ದ ಕಲ್ಲಲ್ಲೇ ಅಶೋಕನ ಶಾಸನ ಸಿಕ್ಕಿದ್ದು. ಕಳಿಂಗ ಯುದ್ಧದಲ್ಲಿ 1 ಲಕ್ಷ ಜನ ಸತ್ರು, 1.5 ಲಕ್ಷ ಜನರನ್ನ ಸೆರೆಹಿಡಿದು ಸಾಗಿಸಿದ್ರು, ಅದಕ್ಕೆ ನಂಗೆ ಸಂಕಟ ಆಗ್ತಿದೆ ಅಂತ ಅವನು ಹೇಳ್ಕೊಳ್ಳೋದು 13ನೇ ಬಂಡೆ ಶಾಸನದಲ್ಲಿ. ಪೇಶಾವರದ ಆಚೆ ಶಹಬಾಜ್‌ಗಢಿಲಿ ಅದಿದೆ, ಡೆಹ್ರಾಡೂನ್ ಕಡೆ ಕಾಲ್ಸಿಲಿ ಇದೆ. ಕಳಿಂಗದಲ್ಲೇ, ಅಂದ್ರೆ ಈಗಿನ ಒಡಿಶಾದಲ್ಲಿ ಇರೋ ಧೌಲಿ, ಜೌಗಡದಲ್ಲಿ ಮಾತ್ರ ಇಲ್ಲ! ಅಲ್ಲಿ ಅದರ ಬದಲು ಬೇರೆ ಎರಡು ಶಾಸನ ಕೆತ್ತಿಸಿದ್ದಾನೆ, ಎಲ್ಲಾ ಜನರೂ ನನ್ನ ಮಕ್ಕಳು, ಅಧಿಕಾರಿಗಳು ಅವರನ್ನ ಚೆನ್ನಾಗಿ ನೋಡ್ಕೋಬೇಕು ಅಂತ. ಸನ್ನತಿ ಕಲ್ಲಲ್ಲೂ ಅವೆರಡಿವೆ.

ನೊಂದವರ ಮುಂದೆ ಬಾಯಿ ಬಿಡದೆ ಮಿಕ್ಕವರಿಗೆಲ್ಲಾ ಹೇಳ್ಕೊಂಡ. ರಾಜಕೀಯ ಲೆಕ್ಕಾಚಾರ ಇರಬಹುದು, ಗೆದ್ದ ನಾಡಲ್ಲಿ ಗಾಯ ಕೆರೆಯೋದು ಬೇಡ ಅಂತ. ಅವನ ಸಂಕಟ ಸುಳ್ಳು ಅಂತೂ ನಾನು ಅನ್ನಲ್ಲ, ನಾಚಿಕೆ ಒಂದೇ ಇದ್ದಿದ್ರೆ ಸತ್ತವರ ಲೆಕ್ಕ ಮುಚ್ಚಿಡ್ತಿದ್ದ, ಕಲ್ಲಲ್ಲಿ ಕೆತ್ತಿಸ್ತಿರ್ಲಿಲ್ಲ. ಆದ್ರೆ ಅದೇ 13ನೇ ಶಾಸನದಲ್ಲಿ ಕಾಡಿನ ಜನಕ್ಕೆ, ಪಶ್ಚಾತ್ತಾಪ ಪಟ್ಟಿದ್ದೀನಿ ನಿಜ, ಶಿಕ್ಷಿಸೋ ಶಕ್ತಿ ಇನ್ನೂ ಇದೆ ಅಂತ ಎಚ್ಚರಿಕೆನೂ ಇದೆ. ಗಿಲ್ಟ್ ಇಟ್ಕೊಂಡೂ ಗತ್ತು ಬಿಡದವರು ಆಗ್ಲೂ ಇದ್ರು ಬಿಡಿ.

ಆ ದೀಪಾವಳಿಗೆ ವಾಚ್‌ಮನ್‌ಗೆ 1000 ರೂಪಾಯಿ ಕೊಟ್ಟೆ, ಪ್ರತಿ ವರ್ಷ 200 ಕೊಡೋನು. ಇಷ್ಟೊಂದು ಯಾಕೆ ಸಾಬ್ ಅಂದ. ಹಬ್ಬ ಅಲ್ವಾ ಅಂದೆ. ಈಗಲೂ ಇಲ್ಲೇ ಗೇಟಲ್ಲೇ ಇದ್ದಾನೆ. ಜೌಗಡ ಅವರ ಜಿಲ್ಲೆಲೇ ಇರೋದು ಅಂತ ಮೊನ್ನೆ ಮ್ಯಾಪ್ ನೋಡ್ದಾಗ ಗೊತ್ತಾಯ್ತು. ಇದನ್ನೆಲ್ಲಾ ಇಲ್ಲಿ ಇಷ್ಟುದ್ದ ಬರ್ದಿದ್ದೀನಿ, ಅವನಿಗೆ ಕನ್ನಡ ಓದಕ್ಕೆ ಬರಲ್ಲ.