ನಿಮ್ದಾಯ್ತಾ?

ಭಾನುವಾರದಿಂದ ಕಿವಿಯಲ್ಲಿ ಒಂದೇ ಮಾತು ಕೂತಿದೆ. ಬೈಗುಳವಲ್ಲ, ಜಗಳದ ಮಾತೂ ಅಲ್ಲ. 'ನಿಮ್ದಾಯ್ತಾ?' ಅಷ್ಟೇ. ಬೀದಿ ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತವರು ಕೇಳುವ ಮಾತು, ಕ್ಷೌರದಂಗಡಿಯಲ್ಲಿ ಪಕ್ಕದವನ ಕೈಯಲ್ಲಿರುವ ಪೇಪರ್ ನೋಡುತ್ತಾ ಕೇಳುವ ಮಾತು. ನಾನು ಕೆಲಸ ಮಾಡುವ ಬ್ಯಾಂಕಿನಲ್ಲಂತೂ ಪಾಸ್‌ಬುಕ್ ಮೆಷಿನ್ನಿನ ಹತ್ತಿರ ದಿನಕ್ಕೆ ನೂರು ಸಲ ಕೇಳಿಸುತ್ತದೆ. ಹಾಗಾಗಿ ಅದನ್ನು ಹೇಳಿದವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ನನಗೆ ದಾರಿಯಿಲ್ಲ.

ಹೋಗಿದ್ದು ಶೆಟ್ಟಿಹಳ್ಳಿಗೆ. ಹಾಸನದ ಹತ್ತಿರದ ಆ ಮುಳುಗುವ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದು ಹಿನ್ನೀರು ಊರನ್ನು ನುಂಗಿದ ಮೇಲೆ ಚಾವಣಿ ಹೋಗಿ, ಗೋಡೆ, ಕಮಾನು ಮಾತ್ರ ಉಳಿದುಕೊಂಡಿವೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರಂತೆ, ಅದಕ್ಕೇ ಇನ್ನೂ ನಿಂತಿದೆ ಎಂದು ಊರಿನವರು ಹೇಳುತ್ತಾರೆ. ಬೇಸಿಗೆಯಲ್ಲಿ ಒಳಗೆ ನಡೆದಾಡಬಹುದು, ಮಳೆ ಜೋರಾದರೆ ತುದಿ ಮಾತ್ರ ಕಾಣುತ್ತದೆ. ನಡುವೆ ಕೆಲವೇ ದಿನ ನೀರು ಕಮಾನುಗಳ ಅರ್ಧಕ್ಕೆ ಬಂದು ನಿಲ್ಲುತ್ತದೆ. ಆಗ ಮೇಲೊಂದು ಚರ್ಚು, ಕೆಳಗೊಂದು ಚರ್ಚು. ಕ್ಯಾಮೆರಾ ಹೆಗಲಿಗೆ ಹಾಕಿಕೊಳ್ಳುವ ಹಳೇ ಮೈಸೂರು ಸೀಮೆಯವರೆಲ್ಲ ಆ ದಿನಗಳಿಗೆ ಕಾಯುತ್ತಾರೆ.

ಮೈಸೂರಿನಿಂದ ಬೆಳಗಿನ ಜಾವ ಮೂರಕ್ಕೇ ಹೊರಟೆವು, ನಾನು ಮತ್ತು ಗೆಳೆಯ. ಹೊಳೆನರಸೀಪುರದಲ್ಲಿ ಕಾಫಿ ಕುಡಿದು, ಆರಕ್ಕೆ ಮುಂಚೆ ದಂಡೆಯಲ್ಲಿದ್ದೆವು. ಡಿಕ್ಕಿಯಲ್ಲಿ ನನ್ನ ಡ್ರೋನ್. ಸೆಕೆಂಡ್ ಹ್ಯಾಂಡ್ ಮಾಲು. ಹೊರದೇಶದಿಂದ ಸಿದ್ಧ ಡ್ರೋನ್ ತರಿಸುವುದನ್ನು ಸರ್ಕಾರ 2022ರ ಫೆಬ್ರವರಿಯಲ್ಲಿ ನಿಲ್ಲಿಸಿತಲ್ಲ, ಅದಕ್ಕೂ ಮುಂಚೆ ಕೊಂಡಿದ್ದ ಪರಿಚಯದವರೊಬ್ಬರು ಬೇಸರ ಬಂದು ಮಾರಿದ್ದು. ತೂಕ 249 ಗ್ರಾಂ. ಈ ಒಂದು ಗ್ರಾಂ ಉಳಿತಾಯದಲ್ಲೇ ಅದರ ಜಾಣತನವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು 'ನ್ಯಾನೋ', ಹಾರಿಸುವವನಿಗೆ ಪೈಲಟ್ ಸರ್ಟಿಫಿಕೇಟು ಬೇಡ. ಹಾರಿಸಲು ಅನುಮತಿ ಬೇಡದ ಹಸಿರು ವಲಯದಲ್ಲಿ 120 ಮೀಟರ್‌ವರೆಗೆ ಆಕಾಶ ತೆರೆದಿರುತ್ತದೆ. ಇವನ್ನೆಲ್ಲ ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಯಾರಾದರೂ ತಗಾದೆ ತೆಗೆದರೆ ಬಾಯಿ ಮುಚ್ಚಿಸಬೇಕಲ್ಲ. ಯಾರೂ ತಗಾದೆ ತೆಗೆಯಲಿಲ್ಲ, ಅದೇ ಬಂದ ಕಷ್ಟ.

ದಂಡೆಯಲ್ಲಿ ನಮಗಿಂತ ಮುಂಚೆ ಇಬ್ಬರಿದ್ದರು, ಅಂದರೆ ಎರಡು ಗುಂಪು. ಒಂದು ಪ್ರೀ-ವೆಡ್ಡಿಂಗ್ ತಂಡ. ಹುಡುಗಿಗೆ ಎರಡು ಮಾರುದ್ದ ನೆಲ ಗುಡಿಸುವ ಕೆಂಪು ಗೌನು, ಹುಡುಗನಿಗೆ ಆ ಹೊತ್ತಿನಲ್ಲೂ ಕರಿ ಕನ್ನಡಕ. ಈ ತಂಡಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಬಣ್ಣದ ಹೊಗೆ ಬಿಡುತ್ತಾರೆ, ಬ್ಲೂಟೂತ್ ಸ್ಪೀಕರಿನಲ್ಲಿ ಹಾಡು ಹಾಕುತ್ತಾರೆ, ಖಾಲಿ ಬಾಟಲಿ ಬಿಟ್ಟು ಹೋಗುತ್ತಾರೆ. ಇನ್ನೊಬ್ಬರು ಒಂಟಿ. ಅರವತ್ತೈದು ದಾಟಿರಬಹುದು. ಮಂಕಿ ಕ್ಯಾಪು, ಕಂದು ಸ್ವೆಟರು, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ ಕೆಸರಲ್ಲಿ ನಿಂತಿದ್ದರು. ಟ್ರೈಪಾಡಿನ ಒಂದು ಕಾಲಿಗೆ ಇನ್ಸುಲೇಷನ್ ಟೇಪು ಸುತ್ತಿತ್ತು. ಕಾಲುಗಳ ನಡುವೆ ಒಂದು ಬಟ್ಟೆಯ ಕೈಚೀಲ ನೇತುಹಾಕಿ ಅದರಲ್ಲಿ ಕಲ್ಲು ತುಂಬಿದ್ದರು, ಅಲುಗಾಡದಿರಲಿ ಅಂತ. ನಾನು ಡ್ರೋನಿನ ರೆಕ್ಕೆ ಬಿಡಿಸುತ್ತಿದ್ದಾಗ ಪ್ರೀ-ವೆಡ್ಡಿಂಗ್ ಹುಡುಗನೊಬ್ಬ, ಕೈಯಲ್ಲಿ ಚಿನ್ನದ ಬಣ್ಣದ ರಿಫ್ಲೆಕ್ಟರ್ ಹಿಡಿದವನು, ಅವರಿಗೆ ಹೇಳಿದ್ದು ನನಗೂ ಕೇಳಿಸಿತು. 'ಅಂಕಲ್, ಫಸ್ಟ್ ನಿಮ್ದು ಮುಗಿಸ್ಕೊಳ್ಳಿ. ನಾವಿಳಿದ್ರೆ ನೀರು ಕಲಕೋಗ್ತದೆ.'

ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಾರಿಸಿದೆ.

ನೀರಿನ ಪ್ರತಿಬಿಂಬದ ಫೋಟೋ ತೆಗೆದವರಿಗೆ ಗೊತ್ತು, ಸೂರ್ಯ ಹುಟ್ಟುವ ಆಚೀಚೆ ಸ್ವಲ್ಪ ಹೊತ್ತು ಗಾಳಿ ಉಸಿರು ಹಿಡಿದುಕೊಂಡಿರುತ್ತದೆ. ಬಿಸಿಲು ಏರಿ ನೆಲ ಕಾದರೆ ಗಾಳಿ ಏಳುತ್ತದೆ, ನೀರು ಸುಕ್ಕಾಗುತ್ತದೆ, ಕೆಳಗಿನ ಚರ್ಚು ಕರಗಿಹೋಗುತ್ತದೆ. ಸಿಗುವುದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ನನಗೇನೂ ಇದು ಗೊತ್ತಿರಲಿಲ್ಲ ಅಂತಲ್ಲ. ನಾನೂ ಹತ್ತು ವರ್ಷ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಟ್ರೈಪಾಡು ಊರಿದವನೇ. ಆದರೆ ಡ್ರೋನು ಕೈಗೆ ಬಂದ ಮೇಲೆ ನೆಲದ ಮೇಲಿನ ಲೆಕ್ಕ ಮರೆತುಹೋಗುತ್ತದೆ. ಕಣ್ಣು ಅಂಗೈಯಗಲದ ಪರದೆಯಲ್ಲಿ, ಎರಡೂ ಹೆಬ್ಬೆರಳು ರಿಮೋಟಿನ ಕಡ್ಡಿಗಳ ಮೇಲೆ. ಪಕ್ಕದಲ್ಲಿ ಆನೆ ಬಂದು ನಿಂತರೂ ತಿಳಿಯುವುದಿಲ್ಲ. ಮೊದಲು ಮೇಲಿನಿಂದ ಒಂದು ಸುತ್ತು. ಗೋಡೆಯ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆಗಳು ಒಟ್ಟಿಗೆ ಎದ್ದು ಹೋದವು. ಪರದೆಯಲ್ಲಿ ಅದೂ ಚೆಂದವೇ ಕಂಡಿತು. ಆಮೇಲೆ ಕೆಳಗಿಳಿಸಿ, ನೀರಿನಿಂದ ಎರಡು ಮೀಟರ್ ಎತ್ತರದಲ್ಲಿ ಕಮಾನಿನ ಕಡೆಗೆ ನಿಧಾನ ತೂರಿಸುವ ಶಾಟು. ನಾಲ್ಕು ರೆಕ್ಕೆಗಳ ಗಾಳಿ ಕೆಳಗೆ ಒತ್ತುತ್ತಲ್ಲ, ನೀರಿನ ಮೇಲೆ ದುಂಡಗೆ ಅಲೆ ಏಳುತ್ತಾ ಹೋಯಿತು. ಅದನ್ನೂ ಚೆಂದ ಅಂದುಕೊಂಡೆ. ಒಂದೇ ಸಲಕ್ಕೆ ಸರಿಬರಲಿಲ್ಲ, ನಾಲ್ಕು ಸಲ ಮಾಡಿದೆ.

ಆಗ ಬೆನ್ನ ಹಿಂದೆ ಕೇಳಿಸಿತು. 'ನಿಮ್ದಾಯ್ತಾ?'

ತಲೆ ಎತ್ತಲಿಲ್ಲ. ಎತ್ತಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು. ಪರದೆ ನೋಡುತ್ತಲೇ ಅಂದೆ. 'ಇನ್ನೈದು ನಿಮಿಷ ಸಾರ್. ಬ್ಯಾಟರಿ ಇನ್ನೂ ಇದೆ.'

ಈ ಉತ್ತರವನ್ನು ಇವತ್ತಿಗೆ ಐದು ದಿನದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಬೆಳಕು ಇನ್ನೂ ಇದೆ ಎನ್ನಲಿಲ್ಲ, ಒಂದು ಶಾಟ್ ಬಾಕಿ ಇದೆ ಎನ್ನಲಿಲ್ಲ. ಬ್ಯಾಟರಿ ಇದೆ ಅಂದೆ. ಮದುವೆ ಮನೆಯಲ್ಲಿ ಎಲೆ ಮೇಲೆ ಕೂತವನು, ಹಿಂದಿನ ಪಂಕ್ತಿಯವರು ಬೆನ್ನಿಗೆ ಬಂದು ನಿಂತಿದ್ದರೂ, 'ಹೊಟ್ಟೆಯಲ್ಲಿ ಇನ್ನೂ ಜಾಗ ಇದೆ' ಅಂದಹಾಗೆ.

ಅವರು 'ಸರಿ, ಮುಗಿಸ್ಕೊಳ್ಳಿ' ಅಂದರು. ಹೋದರು.

ಐದು ನಿಮಿಷ ಐದೇ ಆಗಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಇಳಿಸಿ, ರೆಕ್ಕೆ ಮಡಚಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಕೂಗಿದೆ. 'ಸಾರ್, ಆಯ್ತು! ನೀವು ತಗೊಳ್ಳಿ.' ಅವರು ನನ್ನನ್ನು ನೋಡಲಿಲ್ಲ, ನೀರನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. 'ಪರವಾಗಿಲ್ಲ ಬಿಡಿ. ನೀರು ಎದ್ಬಿಡ್ತು.'

ಮಗು ಎದ್ದುಬಿಡ್ತು ಅನ್ನುವ ಹಾಗೆ ಅಂದರು. ಕೈಚೀಲದಿಂದ ಕಲ್ಲುಗಳನ್ನು ಒಂದೊಂದೇ ತೆಗೆದು ದಂಡೆಗೆ ಹಾಕಿ, ಚೀಲ ಕೊಡವಿ, ಮಡಚಿ ಜೇಬಿಗಿಟ್ಟುಕೊಂಡರು. ಹಾಸನದ ನಂಬರಿನ ಹಳೇ ಸ್ಕೂಟರು. ಹೆಸರು ಕೇಳಲಿಲ್ಲ. ಅವರು ಹೋದ ಮೇಲೆ ಎಮ್ಮೆ ಹೊಡೆದುಕೊಂಡು ಬಂದ ಹುಡುಗನೊಬ್ಬ ಹೇಳಿದ. 'ಆ ತಾತ ವರ್ಸಾ ವರ್ಸಾ ಬತ್ತಾರೆ. ಹೋದ್ ವಾರಾನೂ ಬಂದಿದ್ರು, ಮೋಡ ಇತ್ತು.'

ಗೆಳೆಯ ಕಾರಿನಲ್ಲಿ ನನ್ನ ಪರ ವಕಾಲತ್ತು ಮಾಡಿದ. ಅವನ ಸ್ವಭಾವವೇ ಹಾಗೆ, ಯಾರು ಪಕ್ಕದಲ್ಲಿದ್ದರೆ ಅವರ ಪಕ್ಷ. 'ಸಾರ್ವಜನಿಕ ಜಾಗ ಕಣೋ. ಬೇಕಿದ್ರೆ ಗಟ್ಟಿಯಾಗಿ ಕೇಳ್ಬೇಕಿತ್ತು. ಬಾಯಿ ಬಿಟ್ಟು ಹೇಳದಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?' ಹೌದಲ್ಲ ಅನ್ನಿಸಿ ನೆಮ್ಮದಿಯಾಯಿತು. ಕೆ.ಆರ್. ನಗರ ಬರುವವರೆಗೆ ಆ ನೆಮ್ಮದಿ ಇತ್ತು. ಆಮೇಲೆ ಹೊಳೆಯಿತು, ಅವರು ಹೇಳಿದ್ದರು. 'ನಿಮ್ದಾಯ್ತಾ' ಅಂದರೆ ಅದೇ ತಾನೆ? ನಮ್ಮ ಕಡೆ ಅದಕ್ಕಿಂತ ಗಟ್ಟಿಯಾಗಿ ಯಾವ ಮರ್ಯಾದಸ್ಥರು ಕೇಳುತ್ತಾರೆ?

ಸೋಮವಾರ ಕೌಂಟರಿನಲ್ಲಿ ಕೂತಿದ್ದೆ. ಪಿಂಚಣಿಯ ಅಜ್ಜಿಯೊಬ್ಬರು ಚಲನ್ ತುಂಬುತ್ತಿದ್ದವನ ಹಿಂದೆ ನಿಂತು 'ನಿಮ್ದಾಯ್ತೇನಪ್ಪ?' ಅಂದರು. ಅವನು ಥಟ್ಟನೆ ಪಕ್ಕಕ್ಕೆ ಸರಿದು, ಪೆನ್ನನ್ನೂ ಅವರಿಗೇ ಕೊಟ್ಟ. ಅವನದು ಆಗಿರಲಿಲ್ಲ, ಅರ್ಧ ಚಲನ್ ಖಾಲಿ ಇತ್ತು. ಎಂಟು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು 'ಸಾಲಿನಲ್ಲಿ ಬನ್ನಿ, ಟೋಕನ್ ತಗೊಳ್ಳಿ' ಅಂತ ಊರಿಗೆಲ್ಲ ಶಿಸ್ತು ಹೇಳುವವನು ನಾನು.

ಆ ಸಂಜೆಯಿಂದ ಡ್ರೋನಿನ ವಿಡಿಯೋಗಳನ್ನು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದೇನೆ. ಚರ್ಚನ್ನಲ್ಲ, ಮೂಲೆಯನ್ನು. ಮೂಲೆಯಲ್ಲಿ ಅವರಿದ್ದಾರೆ. ನಲವತ್ತು ಮೀಟರ್ ಮೇಲಿನಿಂದ ನೋಡಿದರೆ ಮನುಷ್ಯ ಅಂದರೆ ಒಂದು ಟೋಪಿ, ಎರಡು ಹೆಗಲು. ಮೊದಲ ಕ್ಲಿಪ್ಪಿನಲ್ಲಿ ಕ್ಯಾಮೆರಾಕ್ಕೆ ಬಗ್ಗಿದ್ದಾರೆ. ಹಕ್ಕಿಗಳು ಎದ್ದಾಗ ನೆಟ್ಟಗಾಗುತ್ತಾರೆ. ಒಮ್ಮೆ ಮೇಲೆ ನೋಡುತ್ತಾರೆ, ನೇರ ನನ್ನ ಕಣ್ಣಿಗೆ, ನಾನು ಅಲ್ಲಿಲ್ಲದ ಕಣ್ಣಿಗೆ. ಬೈಯುವ ಮುಖವೋ ಬರೀ ನೋಡುವ ಮುಖವೋ, ದೊಡ್ಡದು ಮಾಡಿದರೆ ಚುಕ್ಕೆ ಚುಕ್ಕೆಯಾಗಿ ಒಡೆದುಹೋಗುತ್ತದೆ. ಎರಡನೇ ಕ್ಲಿಪ್ಪಿನಲ್ಲಿ ಕರವಸ್ತ್ರ ತೆಗೆದು ಲೆನ್ಸಿಗೆ ಮುಚ್ಚುತ್ತಾರೆ. ಆ ಕಡೆ ಕೆಂಪು ಗೌನಿನ ಹುಡುಗಿ ಒಂದು ಕಲ್ಲಿನ ಮೇಲೆ, ಎರಡು ಕೈಯಲ್ಲೂ ಗೌನು ಎತ್ತಿ ಹಿಡಿದು ನಿಂತಿದ್ದಾಳೆ. ಅವಳೂ ಕಾಯುತ್ತಿದ್ದಾಳೆ. ರಿಫ್ಲೆಕ್ಟರಿನ ಹುಡುಗ ಅದನ್ನು ಕೆಳಗಿಟ್ಟು ಅದರ ಮೇಲೇ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಇಡೀ ದಂಡೆ ನನ್ನದಾಗಲಿ ಅಂತ ನಿಂತಿತ್ತು, ನಾನು ಖಾಲಿ ದಂಡೆ ಅಂದುಕೊಂಡು ಹಾರಿಸುತ್ತಿದ್ದೆ.

ಯಾರ ಮುಂದಾದರೂ ಹಾದುಹೋಗುವಾಗ ನಾವು ಬಗ್ಗುತ್ತೇವೆ, ಗಮನಿಸಿದ್ದೀರಾ? ನಾಟಕ ನಡೆಯುವಾಗ ಮುಂದಿನ ಸಾಲು ದಾಟುವವನು, ಇಬ್ಬರು ಹಿರಿಯರ ಮಾತಿನ ನಡುವೆ ಹಾಯಬೇಕಾದವಳು, ಒಂದು ಕೈ ಮುಂದೆ ಚಾಚಿ, ಬೆನ್ನು ಬಗ್ಗಿಸಿ, ತಾನು ಇಲ್ಲವೇ ಇಲ್ಲ ಅನ್ನುವ ಹಾಗೆ ದಾಟುತ್ತಾರೆ. ಯಾರೂ ಕಲಿಸಿದ್ದಲ್ಲ. ಟ್ರೈಪಾಡಿನ ಮುಂದೆ ನಾನು ಎಷ್ಟು ಸಲ ಹಾಗೆ ಬಗ್ಗಿ ದಾಟಿಲ್ಲ! ಹಂಪಿಯ ಮಾತಂಗ ಬೆಟ್ಟದ ಮೇಲೆ, ಬೆಳಿಗ್ಗೆ ಐದೂವರೆಗೆ, ಕಾಲಿಡಲು ಜಾಗವಿಲ್ಲದ ಬಂಡೆಯ ಮೇಲೆ ಗುರುತಿಲ್ಲದವರು ಒಬ್ಬರ ಲೆನ್ಸಿಗೆ ಒಬ್ಬರು ತಲೆ ತಗ್ಗಿಸಿ ಕೂರುತ್ತಾರೆ. ಕೆಳಗೆ ಅಚ್ಯುತರಾಯ ದೇವಸ್ಥಾನದ ಮೇಲೆ ಬಿಸಿಲು ಬೀಳುವವರೆಗೆ 'ಸ್ವಲ್ಪ ಈ ಕಡೆ', 'ನಿಮಗೆ ಕಾಣ್ತಿದ್ಯಾ' ಇವೇ ಮಾತು. ಅಲ್ಲಿಯಂಥ ಸ್ಮಾರಕಗಳಲ್ಲಿ ಡ್ರೋನಿಗೆ ಅನುಮತಿ ಬೇಕು, ಕಾಡಿನಲ್ಲಂತೂ ಕೇಳುವುದೇ ಬೇಡ. ಕಾನೂನಿಗೆ ಗೋಡೆ ಗೊತ್ತು, ಹುಲಿ ಗೊತ್ತು. ಪಕ್ಕದಲ್ಲಿ ಕೆಸರಲ್ಲಿ ನಿಂತವರ ಬಗ್ಗೆ ಅದು ಏನು ಬರೆಯಬೇಕು? ಅದು ಬೆನ್ನಿಗೆ ಬಿಟ್ಟ ವಿಷಯ. ಡ್ರೋನಿಗೆ ಬೆನ್ನಿಲ್ಲ. ನನಗಿತ್ತು, ಆದರೆ ನಾನು ಹಾದುಹೋದ ಜಾಗದಲ್ಲಿ ನಾನಿರಲಿಲ್ಲ.

ಇದೆಲ್ಲ ಸ್ವಲ್ಪ ಹೆಚ್ಚಾಯಿತು ಅನ್ನುತ್ತಾಳೆ ಹೆಂಡತಿ. 'ಕೇಳ್ಬೇಕಿತ್ತು, ಕೇಳ್ಲಿಲ್ಲ, ಮುಂದಿನ ಸಲ ಕೇಳಿ. ಅದಕ್ಕೆ ಊಟ ಬಿಟ್ಟು ಯೋಚನೆ ಮಾಡೋದೇನು?' ಊಟ ಬಿಟ್ಟಿಲ್ಲ, ಅದು ಅವಳ ಅಲಂಕಾರ. ಅವಳ ಮಾತೂ ಸರಿಯೇ. ಹಾರಿಸುವ ಮುಂಚೆ ಹತ್ತು ಹೆಜ್ಜೆ ನಡೆದುಹೋಗಿ 'ಸಾರ್, ಮೊದಲು ನಿಮ್ದಾಗಲಿ. ಆಮೇಲೆ ಇದನ್ನ ಎತ್ತಲಾ?' ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಗಾಳಿ ಎದ್ದ ಮೇಲೂ ಮೇಲಿನಿಂದ ತೆಗೆಯುವ ಚಿತ್ರಕ್ಕೆ ಅಂಥಾ ಮೋಸವಿರಲಿಲ್ಲ. ನನಗೆ ಇಡೀ ಬೆಳಗು ಇತ್ತು, ಅವರಿಗೆ ಇಪ್ಪತ್ತು ನಿಮಿಷ. ಸರದಿಯ ಲೆಕ್ಕ ಅಷ್ಟು ಸುಲಭವಾಗಿತ್ತು.

ಹೆಂಡತಿಗೆ ಹೇಳದ ವಿಷಯ ಒಂದಿದೆ. ಭಾನುವಾರ ರಾತ್ರಿ, ಇನ್ನೂ ಇದ್ಯಾವುದೂ ತಲೆಗೆ ಹೊಕ್ಕಿರದಿದ್ದಾಗ, ಒಂದು ಒಳ್ಳೆಯ ಫ್ರೇಮು ಆರಿಸಿದೆ. ಬೆಳಗಿನ ಬಿಸಿಲು ಅಡ್ಡಡ್ಡ ಬಿದ್ದು ಚರ್ಚಿನ ಇಟ್ಟಿಗೆಗಳೆಲ್ಲ ಕೆಂಪಾಗಿದ್ದವು. ಎಡ ಮೂಲೆಯಲ್ಲಿ ಅವರಿದ್ದರು, ನೋಟಕ್ಕೆ ಅಡ್ಡಿ ಅನ್ನಿಸಿತು. ಈಗಿನ ಫೋನಿನಲ್ಲಿ ಬೇಡದ್ದರ ಸುತ್ತ ಬೆರಳಲ್ಲಿ ಗೀಟು ಎಳೆದರೆ ಸಾಕು, ಅದು ಅಳಿಸಿ, ಆ ಜಾಗಕ್ಕೆ ಕೆಸರನ್ನೋ ಹುಲ್ಲನ್ನೋ ತಾನೇ ತುಂಬುತ್ತದೆ. ಮಂಕಿ ಕ್ಯಾಪು, ಸ್ವೆಟರು, ಕಲ್ಲಿನ ಚೀಲ ಎಲ್ಲ ಹೋಯಿತು. ಆಫೀಸ್ ಗ್ರೂಪಿಗೆ ಹಾಕಿದೆ. ಹೃದಯಗಳು, ಚಪ್ಪಾಳೆಗಳು ಬಂದವು.

ನಿನ್ನೆ ಊಟದ ಹೊತ್ತಿಗೆ ಕ್ಯಾಷಿಯರ್ ಮೇಡಂ ಡಬ್ಬಿ ತೆಗೆಯುತ್ತಾ ಫೋನು ನನ್ನ ಮುಂದೆ ಹಿಡಿದರು. ಅವರ ಕಣ್ಣು ಭಾರಿ ಚುರುಕು, ಹರಿದ ನೋಟು ಕಟ್ಟಿನ ಮಧ್ಯದಲ್ಲಿದ್ದರೂ ಬಿಡುವವರಲ್ಲ. ಚಿತ್ರವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಕೆಸರಿನ ಮೇಲೆ ಉದ್ದಕ್ಕೆ ಬಿದ್ದಿದ್ದ ಕಪ್ಪು ಗೆರೆಗಳನ್ನು ತೋರಿಸಿದರು. ನಾನು ಮನುಷ್ಯನನ್ನು ಮಾತ್ರ ಅಳಿಸಿದ್ದೆ.

'ಇದೇನ್ರೀ ಇದು, ಮೂರು ಕಾಲಿಂದು?'

'ಯಾವುದೋ ಮರದ ನೆರಳಿರಬೇಕು ಮೇಡಂ' ಅಂದೆ.

ಅವರು ಇನ್ನೂ ಸ್ವಲ್ಪ ಹಿಗ್ಗಿಸಿದರು. 'ಮರ ಎಲ್ಲಿ?'