ಯಾವ ಏರಿಯಾ ಅಂಕಲ್?

ಮಂಗಳವಾರ ಸಂಜೆಯಿಂದ ಆ ಹುಡುಗನ ಪ್ರಶ್ನೆ ತಲೆ ಬಿಟ್ಟು ಹೋಗುತ್ತಿಲ್ಲ. ಹಲಸೂರಿನ ಗೌತಮಪುರಕ್ಕೆ ಹೋಗಿದ್ದೆ, ತಂಗಿ ಮಗಳ ಮದುವೆ ಪತ್ರಿಕೆ ಕೊಡೋದಿತ್ತು. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಸಾಲಿನಲ್ಲಿ ಪೆಲೆಯ ಪ್ರತಿಮೆಯನ್ನೂ ನಿಲ್ಲಿಸಿಕೊಂಡಿರುವ ಬಡಾವಣೆ ಅದು. ಅಲ್ಲೇ ಹುಡುಗರು ಆಡುತ್ತಿದ್ದರು. ಹತ್ತು-ಹನ್ನೊಂದು ವರ್ಷದ ಒಬ್ಬ ಬಾಲ್ ಹೆಕ್ಕಿಕೊಳ್ಳಲು ನನ್ನ ಬೈಕಿನ ಹತ್ತಿರ ಬಂದ. ಸುಮ್ಮನಿರಲಾರದೆ ಕೇಳಿದೆ.

“ಇವರು ಯಾರು ಗೊತ್ತಾ?”

“ಪೆಲೆ.” ಇದೂ ಒಂದು ಪ್ರಶ್ನೆಯಾ ಅನ್ನುವಂಥ ಮುಖ.

“ಅಹ್ಮದ್ ಖಾನ್ ಗೊತ್ತಾ?”

“ಯಾವ ಏರಿಯಾ ಅಂಕಲ್?”

“ಬೆಂಗಳೂರೇ ಕಣೋ.”

“ಬೆಂಗಳೂರಲ್ಲಿ ಯಾವ ಏರಿಯಾ?”

ಅಷ್ಟರಲ್ಲಿ ಆಚೆಯಿಂದ ಯಾರೋ ಕೂಗಿದರು, ಅವನು ಬಾಲ್ ತಗೊಂಡು ಓಡಿದ. ಆಗ ಕಂಡಿದ್ದು: ಅವನ ಬಲಗಾಲಲ್ಲಿ ಮಾತ್ರ ಬೂಟಿತ್ತು. ಎಡಗಾಲು ಬರಿಗಾಲು. ಅದರ ಜೋಡಿ ಇನ್ನೊಬ್ಬ ಹುಡುಗನ ಎಡಗಾಲಲ್ಲಿತ್ತು. ಪಕ್ಕದ ಟೀ ಅಂಗಡಿಯ ಬೆಂಚಿನಲ್ಲಿದ್ದ ಹಿರಿಯರು, ನಾನು ನೋಡ್ತಿರೋದನ್ನ ನೋಡಿ, “ಅಣ್ಣ ತಮ್ಮ ಸಾರ್. ಚಿಕ್ಕೋನು ಎಡಗಾಲಿನೋನು, ಅದಕ್ಕೇ ಜಗಳ ಇಲ್ಲ” ಅಂದರು.

ನಾನು ಅಹ್ಮದ್ ಖಾನ್ ಹೆಸರು ತೆಗೆದದ್ದಕ್ಕೆ ಒಂದು ಕಾರಣ ಇತ್ತು. ಹಿಂದಿನ ದಿನ ಊಟದ ಹೊತ್ತಿಗೆ ಆಫೀಸಿನ ಗೆಳೆಯನೊಬ್ಬ ಫುಟ್ಬಾಲ್ ಮನೆತನಗಳ ಬಗ್ಗೆ ಹರಿಕಥೆ ಮಾಡಿದ್ದ. ಮಿಲಾನ್‌ನ ಮಾಲ್ದಿನಿಗಳು ಅವನಿಗೆ ಮನೆದೇವರು. 1963ರಲ್ಲಿ ಅಪ್ಪ ಚೇಸರೆ ವೆಂಬ್ಲಿಯಲ್ಲಿ ನಾಯಕನಾಗಿ ಯುರೋಪಿಯನ್ ಕಪ್ ಎತ್ತಿದ್ದು, ನಲವತ್ತು ವರ್ಷ ಬಿಟ್ಟು 2003ರಲ್ಲಿ ಮಗ ಪಾವ್ಲೊ ಅದೇ ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರ್‌ನಲ್ಲಿ, ನಾಯಕನಾಗಿ ಅದೇ ಕಪ್ ಎತ್ತಿದ್ದು, ಈಗ ಮೊಮ್ಮಗ ಡೇನಿಯಲ್ ಇಟಲಿ ತಂಡಕ್ಕೆ ಬಂದಿದ್ದು, ಎಲ್ಲ ಬಾಯಿಪಾಠ. ಒಳ್ಳೆ ಕಥೆಯೇ, ಅವನು ಚೆನ್ನಾಗಿ ಹೇಳುತ್ತಾನೆ ಕೂಡ. ಆದರೆ ಕೊನೆಗೆ ಕೈ ತೊಳೆಯುತ್ತಾ, “ನಮ್ಮ ಕಡೆ ಎಲ್ಲಿತ್ತು ಮಾರಾಯ ಇದೆಲ್ಲ? ನಮ್ಮದೇನಿದ್ರೂ ಕ್ರಿಕೆಟ್ಟು” ಅಂದ. ಅವನು ಹುಟ್ಟಿ ಬೆಳೆದಿದ್ದು ಬೆಂಗಳೂರಿನಲ್ಲೇ. ಸ್ಯಾನ್ ಸಿರೋ ಕ್ರೀಡಾಂಗಣದ ಗೇಟುಗಳು ಯಾವ ದಿಕ್ಕಿಗಿವೆ ಅಂತ ಹೇಳಬಲ್ಲ. ಅಶೋಕನಗರದ ಫುಟ್ಬಾಲ್ ಸ್ಟೇಡಿಯಂಗೆ ದಾರಿ ಕೇಳಿದರೆ ಮ್ಯಾಪ್ ತೆಗೆಯುತ್ತಾನೆ.

ಎಲ್ಲಿತ್ತು ಅಂದರೆ ಇಲ್ಲೇ ಇತ್ತು. ಅಹ್ಮದ್ ಖಾನ್ ಹುಟ್ಟಿದ್ದು ಬೆಂಗಳೂರಿನಲ್ಲಿ, 1926ರಲ್ಲಿ. ಅಪ್ಪ ಫುಟ್ಬಾಲ್ ಆಟಗಾರ, ಅಣ್ಣತಮ್ಮಂದಿರೂ ಆಟಗಾರರು. ಮಾಲ್ದಿನಿ ಮನೆಯಲ್ಲಿ ಇದ್ದದ್ದು ಈ ಮನೆಯಲ್ಲೂ ಇತ್ತು. ಲೆಕ್ಕ ಬರೆದಿಡುವ ಊರು ಮಾತ್ರ ಇರಲಿಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ ಆಡುತ್ತಿದ್ದವರನ್ನು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಎತ್ತಿಕೊಂಡು ಹೋಯಿತು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಈ ಐವರ ಮುಂಚೂಣಿಗೆ ಪಂಚಪಾಂಡವರು ಅಂತ ಹೆಸರು ಬಿತ್ತು. ಐವರಲ್ಲಿ ಒಬ್ಬರೂ ಬಂಗಾಳಿಯಲ್ಲ. 1949ರಿಂದ 51ರವರೆಗೆ ಮೂರು ವರ್ಷ ಬಿಡದೆ ಅಲ್ಲಿನ ದೊಡ್ಡ ಟೂರ್ನಿ ಐಎಫ್‌ಎ ಶೀಲ್ಡ್ ಗೆದ್ದರು. ಎದುರಾಳಿಯನ್ನು ಎದುರಿಗೇ ನಿಲ್ಲಿಸಿ ಮಂಕು ಬಡಿಸುವ ಕಾಲ್ಚಳಕಕ್ಕೆ ಜನ ಅಹ್ಮದ್ ಅವರನ್ನು ಹಾವಾಡಿಗ ಅಂದರು. ಅದೂ ಬರಿಗಾಲಲ್ಲಿ. ಹತ್ತು ವರ್ಷ ಆ ಒಂದೇ ಕ್ಲಬ್ಬಿಗೆ ಆಡಿ, ಅಲ್ಲೇ ಉಳಿದು, 2017ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲೇ ತೀರಿಕೊಂಡರು. ಆಟ ನಿಲ್ಲಿಸಿದ್ದು 1959ರಲ್ಲಿ. ಅರ್ಜುನ ಪ್ರಶಸ್ತಿ ಅನ್ನೋದು ಶುರುವಾಗಿದ್ದೇ 1961ರಲ್ಲಿ.

ಟೀ ಅಂಗಡಿಯ ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ಸಾರ್ವಜನಿಕ ಉದ್ದಿಮೆಯೊಂದರ ತಂಡದಲ್ಲಿ ಆಡಿದವರಂತೆ, ಆಟದಿಂದಲೇ ಕೆಲಸ ಸಿಕ್ಕಿದ್ದಂತೆ. ಮಾತಿಗೆ ಒಬ್ಬ ಸಿಕ್ಕಿದ ಅಂತ ಗೊತ್ತಾದ ಮೇಲೆ ಅವರನ್ನು ಹಿಡಿಯುವವರಿಲ್ಲ. “ಆ ಹುಡುಗ ಕೇಳಿದ್ದು ಸರಿಯಾಗೇ ಇದೆ ಸಾರ್” ಅಂದರು. “ಇಲ್ಲಿ ಪ್ಲೇಯರ್ ಅಂದ್ರೆ ಮೊದಲು ಏರಿಯಾ. ಗೌತಮಪುರದೋನಾ, ಆಸ್ಟಿನ್ ಟೌನೋನಾ, ಮರ್ಫಿ ಟೌನೋನಾ. ಹೆಸರು ಆಮೇಲೆ.”

ನನಗೆ ಆಗಲೇ ಹೊಳೆದದ್ದು, ಹುಡುಗ ಅಹ್ಮದ್ ಖಾನ್ ಅವರನ್ನು ಕಡೆಗಣಿಸಿರಲಿಲ್ಲ. ಭಾನುವಾರ ಎದುರು ತಂಡದಲ್ಲಿ ಆಡಬಹುದಾದ ಯಾರೋ ಅಹ್ಮದ್ ಅಣ್ಣ ಅಂದುಕೊಂಡಿದ್ದ. ಪೆಲೆಗೆ ಏರಿಯಾ ಬೇಕಿಲ್ಲ, ಪ್ರತಿಮೆಯಾಗಿ ಅವರ ಏರಿಯಾಕ್ಕೇ ಬಂದು ನಿಂತಿದ್ದಾರೆ. ಆದರೆ ಬೆಂಗಳೂರಿನವನು ಅಂದ ಮೇಲೆ ವಿಳಾಸ ಬೇಕೇ ಬೇಕು. ನನ್ನ ಗೆಳೆಯ ‘ಎಲ್ಲಿತ್ತು’ ಅಂತ ಕೇಳಿದ್ದೂ, ಈ ಹುಡುಗ ‘ಯಾವ ಏರಿಯಾ’ ಅಂತ ಕೇಳಿದ್ದೂ ಮೇಲ್ನೋಟಕ್ಕೆ ಒಂದೇ ಥರ. ಆದರೆ ಗೆಳೆಯನಿಗೆ ಉತ್ತರ ಬೇಕಿರಲಿಲ್ಲ, ಹುಡುಗನಿಗೆ ಬೇಕಿತ್ತು.

ದಂಡು ಪ್ರದೇಶದ ಈ ಕೇರಿಗಳಿಗೆ ಫುಟ್ಬಾಲ್ ಬಂದದ್ದು ಬ್ರಿಟಿಷ್ ಪಡೆಗಳಿಂದ. ಸೋಲ್ಜರುಗಳು ಮೈದಾನದಲ್ಲಿ ಆಡೋದನ್ನು ನೋಡಿ ಕಲಿತರು, ಕಲಿತು ಅವರನ್ನೇ ಸೋಲಿಸಿದರು. ಬಾಂಬೆಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಯಾವುದು? ಕಲ್ಕತ್ತೆಯ ತಂಡವಲ್ಲ. 1937ರಲ್ಲಿ ನಮ್ಮ ಬೆಂಗಳೂರು ಮುಸ್ಲಿಮ್ಸ್, ಮರುವರ್ಷವೂ ಅವರೇ. ಮೈಸೂರು ರಾಜ್ಯ ನಾಲ್ಕು ಸಲ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತ್ತು. ಕೊನೆಯದು 1968-69ರಲ್ಲಿ. ಮತ್ತೆ ಗೆಲ್ಲೋದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ ಎಷ್ಟು ಜನ ಸಿಹಿ ಹಂಚಿದರೋ ಕಾಣೆ. ಕೆಂಪು-ನೀಲಿ ಜೆರ್ಸಿ ಹಾಕಿಕೊಂಡು ಕಂಠೀರವಕ್ಕೆ ಹೋಗುವ ನಮ್ಮ ಹುಡುಗರಿಗೆ ಈ ಊರಿನ ಫುಟ್ಬಾಲ್ ಚರಿತ್ರೆ 2013ಕ್ಕೆ, ಬಿಎಫ್‌ಸಿ (ಬೆಂಗಳೂರು ಫುಟ್ಬಾಲ್ ಕ್ಲಬ್) ಹುಟ್ಟಿದ ವರ್ಷಕ್ಕೆ, ಶುರುವಾಗುತ್ತದೆ. ಅವರ ಉತ್ಸಾಹದ ಬಗ್ಗೆ ನನಗೆ ತಕರಾರಿಲ್ಲ. ಕ್ಯಾಲೆಂಡರಿನ ಬಗ್ಗೆ ಇದೆ.

ಕೋಲ್ಕತ್ತ ಈ ವಿಷಯದಲ್ಲಿ ನಮಗಿಂತ ಹುಷಾರು. ಹೈದರಾಬಾದಿನ ಹಬೀಬ್ ಮತ್ತು ಅಕ್ಬರ್ ಅಣ್ಣತಮ್ಮಂದಿರನ್ನೂ, ಪಿ.ಕೆ. ಬ್ಯಾನರ್ಜಿ ಮತ್ತು ಪ್ರಸೂನ್ ಸೋದರರನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾರೆ. ಅಕ್ಬರ್ 1976ರಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ 17 ಸೆಕೆಂಡಿನಲ್ಲಿ ಗೋಲು ಹೊಡೆದದ್ದನ್ನು ಅವರ ಕ್ಲಬ್ಬು ಮೋಹನ್ ಬಾಗಾನ್ ಕಡೆಯವರು ಇವತ್ತಿಗೂ ಬಿಟ್ಟಿಲ್ಲ. ಎಲ್ಲಿಂದ ಬಂದ ಅನ್ನೋದು ಅವರಿಗೆ ಮುಖ್ಯವಲ್ಲ, ಯಾರ ಜೆರ್ಸಿ ಹಾಕಿದ ಅನ್ನೋದು ಮುಖ್ಯ. ನಾವೋ, ಮಗಳನ್ನು ಕೊಟ್ಟು ಮರೆತ ತವರಿನವರ ಥರ. ಅಹ್ಮದ್ ಅವರ ಅಣ್ಣತಮ್ಮಂದಿರಲ್ಲಿ ಒಬ್ಬರ ಹೆಸರನ್ನಾದರೂ ಈ ಊರಲ್ಲಿ ಯಾರಾದರೂ ಥಟ್ಟನೆ ಹೇಳಲಿ ನೋಡೋಣ. ಅಷ್ಟಕ್ಕೂ ಮನೆತನ ಅನ್ನೋದು ರಕ್ತದಿಂದ ಮಾತ್ರ ಆಗೋದಲ್ಲ, ಪಕ್ಕದಲ್ಲಿ ಕೂತು ‘ಇವನ ಅಪ್ಪನ ಆಟ ನೋಡಿದ್ದೀನಿ’ ಅನ್ನುವ ಒಬ್ಬ ಪ್ರೇಕ್ಷಕ ಬೇಕು.

ಹಿರಿಯರ ಪಕ್ಕ ಕೂತಿದ್ದ ಇನ್ನೊಬ್ಬರು ಅಷ್ಟು ಹೊತ್ತೂ ಬಾಯಿ ಬಿಟ್ಟಿರಲಿಲ್ಲ. ಎರಡನೇ ಟೀ ಬಂದ ಮೇಲೆ, “ಅಹ್ಮದ್ ಅಹ್ಮದ್ ಅಂತೀರಲ್ಲ, ರಾಮನ್ ಎಲ್ಲಿ ಹೋದ?” ಅಂದರು. ಅಲ್ಲಿಂದ ಜಗಳ.

ಸಾರಂಗಪಾಣಿ ರಾಮನ್, ಅವರೂ ಬೆಂಗಳೂರಿನವರೇ. 1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಇಲ್ಫರ್ಡ್ ಮೈದಾನ. ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಒಂದು ಗೋಲು ಹಿಂದಿದ್ದಾಗ 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು. ಎರಡು ಪೆನಾಲ್ಟಿ ಕಳಕೊಂಡು, ಕೊನೇ ಗಳಿಗೆಯಲ್ಲಿ ಒಂದು ಗೋಲು ಬಿಟ್ಟುಕೊಟ್ಟು, 2-1ರಿಂದ ಸೋತೆವು. ನಾಲ್ಕು ವರ್ಷದ ಮೇಲೆ ಹೆಲ್ಸಿಂಕಿ. ಚಳಿ, ಮತ್ತೆ ಬರಿಗಾಲು, ಎದುರಿಗೆ ಯುಗೋಸ್ಲಾವಿಯ. 10-1. ಆ ಒಂದು ಗೋಲು 89ನೇ ನಿಮಿಷದಲ್ಲಿ ಅಹ್ಮದ್ ಖಾನ್ ಹೊಡೆದದ್ದು. ಆ ಸೋಲಿನ ಮೇಲೇ ನಮ್ಮ ಫುಟ್ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿದ್ದು. ಅಂದರೆ ಮೊದಲ ಎರಡು ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದ ಗೋಲು ಒಟ್ಟು ಎರಡೇ, ಎರಡನ್ನೂ ಹೊಡೆದವರು ಈ ಊರಿನವರು.

“ರಾಮನ್‌ದು ಗೋಲು” ಅಂದರು ಆ ಎರಡನೆಯವರು. “ಮ್ಯಾಚ್ ತಿರುಗಿಸೋ ಗೋಲು. ಹತ್ತು ತಿಂದಮೇಲೆ ಒಂದು ಹೊಡೆದ್ರೆ ಅದೇನು ಗೋಲಾ ಸಾರ್?”

ಹಿರಿಯರು ರೇಗಿದರು. ಮಧ್ಯೆ ಕೆಂಪಯ್ಯನವರೂ ಬಂದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ನಾಲ್ಕನೇ ಸ್ಥಾನ ಪಡೆದಾಗ ತಂಡದಲ್ಲಿದ್ದ ನಮ್ಮ ಹಾಫ್‌ಬ್ಯಾಕ್, ಗೋಲು ಹೊಡೆಯದವರನ್ನು ಯಾರೂ ಕೇಳೋದಿಲ್ಲ ಅನ್ನೋದಕ್ಕೆ ಸಾಕ್ಷಿಯಾಗಿ. ಮದುವೆ ಪತ್ರಿಕೆಗಳು ಬ್ಯಾಗಿನಲ್ಲೇ ಉಳಿದವು.

ನನಗೂ ಒಂದು ಮತ ಇದೆ, ಅಲ್ಲೇ ಹೇಳಿದೆ. ರಾಮನ್ ಅವರ ಗೋಲಿಗೆ ಕಾರಣ ಇತ್ತು. ಪಂದ್ಯ ಕೈಯಲ್ಲಿತ್ತು, ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು. ಅಹ್ಮದ್ ಅವರಿಗೆ ಏನಿತ್ತು? ಸೋಲು ಎಂದೋ ತೀರ್ಮಾನವಾಗಿದೆ. ಇನ್ನೊಂದು ನಿಮಿಷ ಕಾಲೆಳೆದರೆ ಒಳಗೆ ಹೋಗಿ ಬೆಚ್ಚಗೆ ಕೂರಬಹುದು, ಯಾರೂ ಬೈಯುವುದಿಲ್ಲ. ಎದುರಿಗಿದ್ದವರು ಆ ಒಲಿಂಪಿಕ್ಸ್‌ನ ಫೈನಲ್‌ವರೆಗೂ ಹೋದವರು. ಅಂಥವರ ನಡುವೆ ಬಾಲ್ ತಗೊಂಡು ಗೋಲಿನ ಕಡೆಗೆ ಹೋಗಬೇಕು ಅಂತ ಒಬ್ಬನಿಗೆ ಅನಿಸುತ್ತದಲ್ಲ, ನಾನು ಅವನ ಕಡೆ.

“ಹಂಗೆ ಹೇಳಿ!” ಅಂತ ಹಿರಿಯರು ಬೆಂಚು ತಟ್ಟಿದರು. ಎರಡನೆಯವರು ಒಪ್ಪಲಿಲ್ಲ. ಫ್ರಾನ್ಸ್ ಮ್ಯಾಚಿನ ಪೆನಾಲ್ಟಿ ಒಂದಾದರೂ ಒಳಗೆ ಹೋಗಿದ್ದರೆ ಮಾತೇ ಬೇರೆ ಇರುತ್ತಿತ್ತು ಅಂತ, ಟೀ ಕಾಸು ಕೊಡುವಾಗಲೂ ಅಂಗಡಿಯವನಿಗೆ ಹೇಳುತ್ತಲೇ ಇದ್ದರು.